ಸುತ್ತುಗುದುರೆಯ ಸಂಗೀತ: ವಿನೋದೋದ್ಯಾನಗಳಲ್ಲಿ ನಾದ ಮತ್ತು ಚಲನೆ

ನಾದಕ್ಕೂ ಚಲನೆಗೂ ಇರುವ ನಂಟು ಬಹು ಪುರಾತನವಾದುದು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಹಾಡಿಗೆ ಲಯವನ್ನು ಕೊಡುವುದು ಆ ಕಲ್ಲಿನ ಸುತ್ತೇ ಹೊರತು ಯಾವ ಸಂಗೀತಶಾಸ್ತ್ರವೂ ಅಲ್ಲ. ತೊಟ್ಟಿಲು ತೂಗುವ ಕೈ ನಿಧಾನವಾದಂತೆ ಜೋಗುಳವೂ ನಿಧಾನವಾಗುತ್ತದೆ. ಏತದ ಹಾಡು ಏತದ ಏರಿಳಿತವನ್ನು ಬಿಟ್ಟು ನಡೆಯಲಾರದು. ಇಲ್ಲೆಲ್ಲ ದೇಹದ ದುಡಿಮೆ ಮುಂದೆ, ಹಾಡು ಅದರ ಹಿಂದೆ. ಹಾಡುವವರೂ ಅವರೇ, ಚಲಿಸುವವರೂ ಅವರೇ ಆದುದರಿಂದ ಇವೆರಡರ ನಡುವೆ ವಿರಸಕ್ಕೆ ಎಡೆಯೇ ಇಲ್ಲ.

ಯಂತ್ರವು ಮನುಷ್ಯನನ್ನು ತನ್ನ ಮೇಲೆ ಕೂರಿಸಿಕೊಂಡು ವಿನೋದಕ್ಕಾಗಿ ಸುತ್ತಿಸತೊಡಗಿದ ದಿನ ಈ ನಂಟು ಕಡಿಯಿತು. ಸವಾರನು ಈಗ ಏನನ್ನೂ ಮಾಡಬೇಕಾಗಿಲ್ಲ, ಸುಮ್ಮನೆ ಕುಳಿತಿರಬೇಕು. ಹಾಗಾದರೆ ಹಾಡುವವರು ಯಾರು? ಯಾರಿಗಾಗಿ ಹಾಡುವುದು? ಚಲನೆ ಹಾಡನ್ನು ಅನುಸರಿಸಬೇಕೋ, ಹಾಡು ಚಲನೆಯನ್ನು ಅನುಸರಿಸಬೇಕೋ? ಈಗ ಥೀಮ್ ಪಾರ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ವಿನೋದೋದ್ಯಾನಗಳ ಇತಿಹಾಸವನ್ನು ಕಟ್ಟಡಗಳ ಮತ್ತು ಯಂತ್ರಗಳ ಇತಿಹಾಸವೆಂದು ಬರೆಯುವುದು ವಾಡಿಕೆ. ಕಿವಿಯ ಕಡೆಯಿಂದ ನೋಡಿದರೆ ಅದೇ ಇತಿಹಾಸವು ಬೇರೆಯೇ ಒಂದು ರೂಪವನ್ನು ತಾಳುತ್ತದೆ. ಬೀದಿಯಲ್ಲಿ ನಿಂತವನಿಗಾಗಿ ಮೊಳಗುತ್ತಿದ್ದ ಸಂಗೀತವು ಕ್ರಮೇಣ ಟಿಕೆಟು ಕೊಂಡವನ ಕಿವಿಯ ಪಕ್ಕಕ್ಕೆ ಬಂದು ಕುಳಿತ ವೃತ್ತಾಂತವದು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ವಾಕ್ಸ್‌ಹಾಲ್ ಎಂಬ ಉದ್ಯಾನವಿದ್ದಿತು. ಅಲ್ಲಿ ಸಂಗೀತಕಾರ ಹ್ಯಾಂಡೆಲನ ಪ್ರತಿಮೆಯನ್ನು ೧೭೩೮ರಲ್ಲಿ, ಆತನು ಬದುಕಿದ್ದಾಗಲೇ, ನಿಲ್ಲಿಸಿದ್ದರೆಂಬುದನ್ನು ನೋಡಿದರೆ ಆ ಉದ್ಯಾನಕ್ಕೆ ಜನ ಬರುತ್ತಿದ್ದುದು ಏತಕ್ಕೆಂಬುದು ವಿದಿತವಾಗುತ್ತದೆ. ಆದರೆ ಅಲ್ಲಿ ಸವಾರಿಯ ಯಂತ್ರಗಳು ಮುಖ್ಯವಾಗಿರಲಿಲ್ಲ. ನಾದವೂ ಯಂತ್ರವೂ ಒಂದೇ ಬೇಲಿಯ ಒಳಗೆ ಮೊದಲ ದಿನದಿಂದಲೇ ಕೂಡಿ ಬಂದುದಕ್ಕೆ ಉತ್ತಮ ಉದಾಹರಣೆ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನ ತಿವೋಲಿ. ಗೇಯೋರ್ಗ್ ಕಾರ್ಸ್ಟೆನ್ಸನ್ ಎಂಬಾತನು ದೊರೆ ಎಂಟನೆಯ ಕ್ರಿಶ್ಚಿಯನ್ನನಿಂದ ಐದು ವರ್ಷಗಳ ಅಪ್ಪಣೆಯನ್ನು ಪಡೆದು ೧೮೪೩ರ ಆಗಸ್ಟ್ ೧೫ರಂದು ಅದನ್ನು ತೆರೆದನು. ಜನರು ಮೋಜಿನಲ್ಲಿ ತೊಡಗಿದ್ದರೆ ರಾಜಕೀಯದ ಗೊಡವೆಗೆ ಹೋಗರೆಂದು ಆತನು ದೊರೆಗೆ ಅರಿಕೆ ಮಾಡಿಕೊಂಡನೆಂಬ ಪ್ರತೀತಿಯಿದೆ. ಮಾತು ನಿಜವಿರಲಿ ಇಲ್ಲದಿರಲಿ, ದೊರೆಗಳಿಗೆ ಹಿಡಿಸುವ ಮಾತು. ಉದ್ಯಾನದ ಮೊದಲ ಹೆಸರು ‘ತಿವೋಲಿ ಮತ್ತು ವಾಕ್ಸ್‌ಹಾಲ್’ ಎಂದೇ ಇದ್ದುದು ಅದರ ವಂಶವನ್ನು ಸ್ಪಷ್ಟಪಡಿಸುತ್ತದೆ.

ಆರಂಭದಿಂದಲೇ ಅಲ್ಲಿ ಸುತ್ತುಗುದುರೆಯೂ ಇಳಿಜಾರು ಹಳಿಯ ಬಂಡಿಯೂ ಇದ್ದವು. ಜೊತೆಗೆ ಹಾನ್ಸ್ ಕ್ರಿಶ್ಚಿಯನ್ ಲುಂಬ್ಯೆ ಎಂಬ ಸಂಗೀತ ನಿರ್ದೇಶಕನೂ ಇದ್ದನು. ೧೮೧೦ರಲ್ಲಿ ಜನಿಸಿದ ಲುಂಬ್ಯೆ ಸೇನೆಯಲ್ಲಿ ತುತ್ತೂರಿ ಊದುತ್ತಿದ್ದವನು. ೧೮೩೯ರಲ್ಲಿ ಸ್ಟ್ರಾಸನ ನೃತ್ಯಸಂಗೀತವನ್ನು ನುಡಿಸುವ ತಂಡವೊಂದನ್ನು ಕೇಳಿದ ಮೇಲೆ ಆತನ ದಾರಿಯೇ ಬದಲಾಯಿತು. ‘ಉತ್ತರದ ಸ್ಟ್ರಾಸ್’ ಎಂದು ಹೆಸರು ಪಡೆದು ೧೮೭೨ರ ವರೆಗೆ ತಿವೋಲಿಯ ವಾದ್ಯಮೇಳವನ್ನು ನಡೆಸಿದನು. ಗ್ಯಾಲಪ್ ಎಂದರೆ ಕುದುರೆಯ ನಾಗಾಲೋಟ. ಅದೇ ಹೆಸರಿನ ಒಂದು ಶೀಘ್ರಗತಿಯ ಕುಣಿತ ಆಗ ಯೂರೋಪಿನಲ್ಲೆಲ್ಲ ಪ್ರಚಾರದಲ್ಲಿದ್ದಿತು. ತಿವೋಲಿಯ ಎರಡನೆಯ ವಾರ್ಷಿಕೋತ್ಸವಕ್ಕೆಂದು ೧೮೪೫ರಲ್ಲಿ ಲುಂಬ್ಯೆ ರಚಿಸಿದ ‘ಶಾಂಪೇನ್ ಗ್ಯಾಲಪ್’ ಸೀಸೆಯ ಬಿರಡೆ ಹಾರುವ ಸದ್ದಿನಿಂದ ಆರಂಭವಾಗುತ್ತದೆ. ೧೮೪೭ರಲ್ಲಿ ಕೋಪನ್‌ಹೇಗನ್ನಿನಿಂದ ರೋಸ್ಕಿಲ್ಡೆಗೆ ರೈಲು ಹಾಕಿದಾಗ ಆತನು ‘ಹಬೆಬಂಡಿಯ ಗ್ಯಾಲಪ್’ ಒಂದನ್ನು ರಚಿಸಿದನು. ಬಂಡಿ ಮೆಲ್ಲಮೆಲ್ಲನೆ ಹೊರಟು, ವೇಗವನ್ನು ಪಡೆದು, ಕೊನೆಗೆ ನಿಲ್ದಾಣದಲ್ಲಿ ಉಸಿರು ಬಿಟ್ಟು ನಿಲ್ಲುವುದೆಲ್ಲ ಅದರಲ್ಲಿ ವಾದ್ಯಗಳಿಂದಲೇ ಮೂಡುತ್ತದೆ. ಸವಾರಿಯ ಅನುಭವವನ್ನು ಕುಳಿತಲ್ಲಿಯೇ ಕಿವಿಯಿಂದ ಕೊಡುವ ಮೊದಲ ಯತ್ನಗಳಲ್ಲಿ ಇದನ್ನು ಎಣಿಸಬಹುದು. ಆದರೆ ತಿವೋಲಿಯಲ್ಲಿ ನಾದವೂ ಸವಾರಿಯೂ ನೆರೆಮನೆಗಳಂತೆ ಇದ್ದವೇ ಹೊರತು ಒಂದೇ ಮನೆಯಲ್ಲಿ ಇರಲಿಲ್ಲ. ಇಳಿಜಾರು ಬಂಡಿಯಲ್ಲಿ ಕುಳಿತವನಿಗೆ ಲುಂಬ್ಯೆಯ ಸಂಗೀತ ಕೇಳಿಸಿದರೆ ಅದು ಗಾಳಿಯ ದಯೆ.

ಅವೆರಡನ್ನೂ ಒಂದೇ ಕೊಡೆಯ ಕೆಳಗೆ ತಂದುದು ಇಂಗ್ಲೆಂಡಿನ ಸಂತೆಜಾತ್ರೆಗಳ ಹಬೆಯಂತ್ರ. ನಾರ್ಫೋಕಿನ ಕಿಂಗ್ಸ್ ಲಿನ್ ಎಂಬ ಊರಿನಲ್ಲಿ ಬೇಸಾಯದ ಯಂತ್ರಗಳನ್ನು ತಯಾರಿಸುತ್ತಿದ್ದ ಫ್ರೆಡರಿಕ್ ಸ್ಯಾವೇಜ್ ಎಂಬುವನು, ೧೮೬೦ರ ದಶಕದಲ್ಲಿ ಇನ್ನೂ ಪ್ರಯೋಗದ ಹಂತದಲ್ಲಿದ್ದ ಹಬೆಯ ಸುತ್ತುಗುದುರೆಯನ್ನು ಮುಂದಿನ ಎರಡು ದಶಕಗಳಲ್ಲಿ ಒಂದು ಉದ್ಯಮವಾಗಿ ಬೆಳೆಸಿದನು. ೧೮೮೦ರ ದಶಕದಲ್ಲಿ ಮೇಲಣ ವಕ್ರದಂಡಗಳಿಂದ ಕುದುರೆಗಳು ಏರಿಳಿಯುತ್ತ ಓಡುವಂತಾದ ಮೇಲೆ ಜನ ಅದಕ್ಕೆ ಮುಗಿಬಿದ್ದರು. ಅದರ ರಚನೆಯಲ್ಲಿ ಒಂದು ವಿಷಯ ವಿಶೇಷವಾಗಿ ಗಮನಾರ್ಹವಾದುದು. ನಟ್ಟನಡುವೆ ಚಿಮಣಿಯ ಸಮೇತ ದೊಡ್ಡ ಎಂಜಿನ್ನು ನಿಂತು ಕುದುರೆಗಳನ್ನು ಸುತ್ತಿಸುತ್ತಿತ್ತು. ಅದರ ಪಕ್ಕದಲ್ಲಿಯೇ, ಅದೇ ಬಾಯ್ಲರಿನ ಹಬೆಯಿಂದ ನಡೆಯುವ ಇನ್ನೊಂದು ಪುಟ್ಟ ಎಂಜಿನ್ನು ಇರುತ್ತಿತ್ತು. ಅದಕ್ಕೆ ‘ಆರ್ಗನ್ ಎಂಜಿನ್’ ಎಂದೇ ಹೆಸರು. ಸಂಗೀತದ ಯಂತ್ರವನ್ನು ನಡೆಸುವುದೊಂದೇ ಅದರ ಕೆಲಸ.

ಒಂದು ಎಂಜಿನ್ನು ಸಾಲದೆಂದು ಎರಡನೆಯದನ್ನು ಇರಿಸಿದುದು ಏತಕ್ಕೆ? ದೊಡ್ಡ ಎಂಜಿನ್ನಿಗೇ ಆರ್ಗನ್ನನ್ನು ಜೋಡಿಸಿದರೆ ಕುದುರೆಗಳು ನಿಧಾನವಾದಾಗ ಹಾಡೂ ನಿಧಾನವಾಗಿ, ಅವು ನಿಂತಾಗ ಹಾಡೂ ನಿಲ್ಲಬೇಕಾಗುತ್ತದೆ. ಕುದುರೆಗಳು ನಿಂತ ಕಾಲವೇ ವ್ಯಾಪಾರದ ಕಾಲ. ಸವಾರಿ ಮುಗಿಸಿದವರು ಇಳಿದು ಹೊಸಬರು ಹತ್ತಬೇಕಾದ ವೇಳೆ. ಆಗ ಸಂಗೀತ ನಿಲ್ಲುವುದೆಂದರೆ ಅಂಗಡಿಯವನು ಗಿರಾಕಿ ಬಂದಾಗ ಬಾಯಿ ಮುಚ್ಚಿಕೊಂಡಂತೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಆ ಸಂಗೀತವು ಕುದುರೆಯ ಮೇಲೆ ಕುಳಿತವನಿಗಾಗಿ ಇದ್ದುದಲ್ಲ. ಅವನಿಂದ ಬರಬೇಕಾದ ಕಾಸು ಆಗಲೇ ಬಂದಿದೆ. ಅದು ಇದ್ದುದು ಇನ್ನೂ ಹತ್ತದವನಿಗಾಗಿ, ಬಯಲಿನ ಆಚೆಯ ಮೂಲೆಯಲ್ಲಿ ಅನುಮಾನಿಸುತ್ತ ನಿಂತವನಿಗಾಗಿ. ಆರ್ಗನ್ನಿನ ಕೊಳವೆಗಳ ನಾದವನ್ನು ಕಿವಿಗಡಚಿಕ್ಕುವಷ್ಟು ತೀವ್ರವಾಗಿ ರೂಪಿಸುತ್ತಿದ್ದುದೂ ಈ ಕಾರಣದಿಂದಲೇ. ಹಬೆಯ ಬುಸುಗುಟ್ಟುವಿಕೆಯನ್ನೂ ಗುಂಪಿನ ಗದ್ದಲವನ್ನೂ ಮೀರಿ ಅದು ಕೇಳಿಸಬೇಕಾಗಿದ್ದಿತು.

ಮೊದಮೊದಲಿನ ಆರ್ಗನ್ನುಗಳಲ್ಲಿ ಮೊಳೆಗಳನ್ನು ನೆಟ್ಟ ಮರದ ಉರುಳೆಯೊಂದು ತಿರುಗುತ್ತಿತ್ತು. ಒಂದೊಂದು ಮೊಳೆ ಒಂದೊಂದು ಸ್ವರದ ಬಾಗಿಲನ್ನು ತೆರೆಯುವುದು. ಉರುಳೆಯ ಒಂದು ಸುತ್ತಿನಲ್ಲಿ ಹಾಡು ಮುಗಿಯಬೇಕು. ಇರುವ ಕೆಲವೇ ಹಾಡುಗಳಿಂದ ಜನಕ್ಕೆ ಬೇಸರವಾದರೆ ಹೊಸ ಉರುಳೆಯನ್ನೇ ಕೊಳ್ಳಬೇಕು. ಈ ತೊಡಕನ್ನು ನೀಗಿದವರು ಪ್ಯಾರಿಸ್ಸಿನ ಗಾವಿಯೋಲಿ ಮನೆತನದವರು. ಮೂಲತಃ ಇಟಲಿಯ ಮೋದೆನದವರಾದ ಇವರಲ್ಲಿ ಅನ್ಸೆಲ್ಮ್ ಗಾವಿಯೋಲಿ ಎಂಬುವನು ೧೮೯೨ರಲ್ಲಿ, ತೂತು ಕೊರೆದ ರಟ್ಟಿನ ಹಾಳೆಗಳನ್ನು ಕಡತದಂತೆ ಮಡಿಸಿ ಅದರಿಂದ ಆರ್ಗನ್ನನ್ನು ನುಡಿಸುವ ವಿಧಾನಕ್ಕೆ ಹಕ್ಕು ಪಡೆದನು. ರಟ್ಟು ಸರಿಯುತ್ತಿರುವಾಗ ತೂತು ಬಂದೆಡೆ ಪುಟ್ಟ ಲೋಹದ ಕೀಲಿಯೊಂದು ಮೇಲೇಳುವುದು. ಆ ಕೀಲಿಯ ಕೊಳವೆಗೆ ತಿದಿಯ ಗಾಳಿ ನುಗ್ಗುವುದು. ಕಡತ ಎಷ್ಟು ಉದ್ದವೋ ಹಾಡು ಅಷ್ಟು ಉದ್ದ.

ಈ ಉಪಾಯದ ಮೂಲ ಸಂಗೀತದಲ್ಲಿಲ್ಲ, ನೇಯ್ಗೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತನು ರೇಷ್ಮೆಯ ಮಗ್ಗಕ್ಕೆ ತೂತಿನ ರಟ್ಟುಗಳನ್ನು ಅಳವಡಿಸಿ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ಆ ತೂತುಗಳಿಂದಲೇ ನಿರ್ಣಯಿಸಿದನು. ಬೆಂಗಳೂರು, ದೊಡ್ಡಬಳ್ಳಾಪುರಗಳ ನೇಕಾರರ ಮನೆಗಳಲ್ಲಿ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಸರಮಾಲೆ ಇಳಿಬಿದ್ದುದನ್ನು ಕಂಡವರಿಗೆ ಗಾವಿಯೋಲಿಯ ಯಂತ್ರದ ಮರ್ಮವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಸೀರೆಯ ಸೆರಗಿನ ಬುಟ್ಟಾ ಮೂಡುವ ರೀತಿಯಲ್ಲಿಯೇ ಜಾತ್ರೆಯ ಬಯಲಿನಲ್ಲಿ ರೊಸ್ಸೀನಿಯ ಗೀತನಾಟಕದ ಪೀಠಿಕೆಯೂ ಮೂಡುತ್ತಿತ್ತು.

ಹೌದು, ರೊಸ್ಸೀನಿಯೇ. ಈ ಯಂತ್ರಗಳು ಬೀದಿಯ ಹಾಡುಗಳನ್ನು ಮಾತ್ರ ನುಡಿಸುತ್ತಿದ್ದವೆಂದು ಭಾವಿಸುವುದು ಸರಿಯಲ್ಲ. ಸೇನೆಯ ನಡಿಗೆಯ ರಾಗಗಳು, ವಾಲ್ಟ್ಸ್ ಕುಣಿತಗಳು, ಗೀತನಾಟಕಗಳ ಆಯ್ದ ಭಾಗಗಳು ಎಲ್ಲವೂ ರಟ್ಟಿನ ಕಡತಗಳಾಗಿ ಮಾರಾಟವಾಗುತ್ತಿದ್ದವು. ನಾಟಕಶಾಲೆಯ ಒಳಗೆ ಕಾಲಿಡಲು ಹಣವಿಲ್ಲದ ಗಣಿಯ ಕೂಲಿಗೂ ಗಿರಣಿಯ ಹುಡುಗಿಗೂ ಆ ಸಂಗೀತ ಹೀಗೆ ಬಯಲಿನಲ್ಲಿ ದೊರೆಯಿತು. ಆರ್ಗನ್ನಿನ ಒಡೆಯನಿಗೆ ದಾನಬುದ್ಧಿ ಏನೂ ಇರಲಿಲ್ಲ. ಆದರೂ ಕುದುರೆ ಹತ್ತುವವನ ಕಾಸಿನಿಂದ ಹತ್ತದವನಿಗೂ ಪುಕ್ಕಟೆಯಾಗಿ ಸಂಗೀತ ಸಲ್ಲುತ್ತಿತ್ತೆಂಬುದು ಲೆಕ್ಕಪತ್ರಗಳಲ್ಲಿ ಎಲ್ಲಿಯೂ ಕಾಣದ ಒಂದು ಜಮೆ. ಆರ್ಗನ್ನಿನ ಮುಂಭಾಗವನ್ನು ಬಣ್ಣಬಣ್ಣದ ಕೆತ್ತನೆಗಳಿಂದ ಅಲಂಕರಿಸಿ, ಕೋಲಿನಿಂದ ತಾಳ ಹಾಕುವ ನಾಯಕನ ಗೊಂಬೆಯನ್ನೂ ಗಂಟೆ ಬಾರಿಸುವ ಹೆಣ್ಣುಗೊಂಬೆಗಳನ್ನೂ ನಿಲ್ಲಿಸುವುದು ರೂಢಿಯಾಗಿದ್ದಿತು. ಸ್ವರವನ್ನು ನುಡಿಸುವ ರಟ್ಟಿನ ತೂತುಗಳೇ ಈ ಗೊಂಬೆಗಳ ಕೈಯನ್ನೂ ಆಡಿಸುತ್ತಿದ್ದವು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಅಮೆರಿಕೆಗೆ ಈ ಕಲೆ ಹೋದ ಬಗೆಯಲ್ಲಿ ಸುಂಕದ ಕೈವಾಡವಿದೆ. ನ್ಯೂಯಾರ್ಕ್ ಸಂಸ್ಥಾನದ ನಾರ್ತ್ ಟೋನವಾಂಡ ಎಂಬಲ್ಲಿ ಸುತ್ತುಗುದುರೆಗಳ ಕಾರ್ಖಾನೆಯಿದ್ದಿತು. ಆರ್ಗನ್ನುಗಳು ಮಾತ್ರ ಯೂರೋಪಿನಿಂದ ಬರಬೇಕಾಗಿದ್ದವು. ಆಮದು ಸುಂಕ ಏರಿದುದರಿಂದ ಅವು ದುಬಾರಿಯಾದಾಗ, ಯೂಜೀನ್ ಡಿ ಕ್ಲೈಸ್ಟ್ ಎಂಬ ಯೂರೋಪಿನ ಕುಶಲಿ ೧೮೯೩ರಲ್ಲಿ ಅದೇ ಊರಿಗೆ ಬಂದು ಆರ್ಗನ್ನಿನ ಕಾರ್ಖಾನೆಯನ್ನು ಹೂಡಿದನು. ಮುಂದೆ ಅದು ವುರ್ಲಿಟ್ಜರ್ ಕಂಪೆನಿಯ ಕೈಸೇರಿತು. ರಟ್ಟಿನ ಕಡತದ ಬದಲಿಗೆ ಕಾಗದದ ಸುರುಳಿಯನ್ನು ಬಳಸಿದ ವುರ್ಲಿಟ್ಜರ್ ಆರ್ಗನ್ನುಗಳು ಅಮೆರಿಕೆಯ ಸುತ್ತುಗುದುರೆಗಳ ಮನೆಮಾತಾದವು.

ಇವೆಲ್ಲ ಬಹಳ ಕಾಲ ಬಾಳಲಿಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಗಾವಿಯೋಲಿ ಮನೆತನದ ವ್ಯವಹಾರ ಕುಸಿಯಿತು. ೧೯೩೦ರ ದಶಕದಲ್ಲಿ ಇಂಗ್ಲೆಂಡಿನ ಜಾತ್ರೆಗಳಿಗೆ ಗ್ರಾಮಫೋನ್ ತಟ್ಟೆಯನ್ನು ವಿದ್ಯುತ್ತಿನಿಂದ ಮೊಳಗಿಸುವ ಧ್ವನಿವರ್ಧಕ ಬಂದಿತು. ಆರ್ಗನ್ನನ್ನು ಹೊರಲು ಒಂದು ದೊಡ್ಡ ಬಂಡಿ ಬೇಕು, ಮಳೆಯಿಂದ ಕಾಯಬೇಕು, ಶ್ರುತಿ ಮಾಡುವ ಕುಶಲಿಗೆ ಸಂಬಳ ಕೊಡಬೇಕು. ಧ್ವನಿವರ್ಧಕಕ್ಕೆ ಇದಾವುದೂ ಬೇಡ; ಮೇಲಾಗಿ ಈ ವಾರದ ಹಾಡು ಈ ವಾರವೇ ದೊರೆಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ನೂರಾರು ಕೊಳವೆಗಳ ಆರ್ಗನ್ನುಗಳನ್ನು ಒಡೆದರು, ಕೆಲವನ್ನು ಸೌದೆ ಮಾಡಿದರು. ಉಳಿದವುಗಳನ್ನು ಈಗ ಸಂಗ್ರಹಕಾರರೂ ವಸ್ತುಸಂಗ್ರಹಾಲಯಗಳೂ ಬಂಗಾರದಂತೆ ಕಾಪಾಡುತ್ತಿರುವುದು ಕಾಲದ ವಿನೋದ.

ಧ್ವನಿವರ್ಧಕದಿಂದ ನಾದದ ಗುಣ ಬದಲಾಯಿತೇ ಹೊರತು ಅದರ ದಿಕ್ಕು ಬದಲಾಗಲಿಲ್ಲ. ಅದು ಹೊರಗಿನವನನ್ನೇ ಕೂಗುತ್ತಿದ್ದಿತು. ದಿಕ್ಕು ಬದಲಾದುದು ಸವಾರಿಯು ಬಯಲನ್ನು ಬಿಟ್ಟು ಕಟ್ಟಡದ ಒಳಗೆ ಹೊಕ್ಕಾಗ. ೧೯೦೧ರಲ್ಲಿ ಅಮೆರಿಕೆಯ ಬಫಲೋ ಪಟ್ಟಣದ ಪ್ರದರ್ಶನದಲ್ಲಿ ಫ್ರೆಡರಿಕ್ ಥಾಮ್ಸನ್ ಎಂಬಾತನು ‘ಚಂದ್ರಲೋಕದ ಯಾತ್ರೆ’ಯನ್ನು ನಿರ್ಮಿಸಿದ್ದನು. ರೆಕ್ಕೆ ಬಡಿಯುವ ‘ಲೂನಾ’ ಎಂಬ ಹಡಗಿನಲ್ಲಿ ಜನರನ್ನು ಕೂರಿಸಿ, ಸುತ್ತಲಿನ ಚಿತ್ರಪಟಗಳನ್ನೂ ಬೆಳಕನ್ನೂ ಬದಲಿಸಿ, ಚಂದ್ರನಲ್ಲಿಗೆ ಹೋದಂತೆ ಭ್ರಮೆ ಹುಟ್ಟಿಸಿದ ಮೇಲೆ ಅಲ್ಲಿನ ನಿವಾಸಿಗಳ ಕುಣಿತವನ್ನು ತೋರಿಸುತ್ತಿದ್ದರು. ಮರುವರ್ಷ ಅದು ಕೋನಿ ಐಲೆಂಡಿಗೆ ಬಂದು, ೧೯೦೩ರಲ್ಲಿ ಅಲ್ಲಿ ತೆರೆದ ಲೂನಾ ಪಾರ್ಕಿಗೆ ತನ್ನ ಹೆಸರನ್ನೇ ಕೊಟ್ಟಿತು. ಗೋಡೆಯೆದ್ದ ಮೇಲೆ ಹೊರಗಿನ ಕಿವಿಗೆ ಒಳಗಿನ ನಾದ ದೊರೆಯದು. ಒಳಗಿನವನಿಗೆ ಮಾತ್ರ ಮೀಸಲಾದ ಸಂಗೀತಕ್ಕೆ ಸ್ಥಳ ಸಿದ್ಧವಾಯಿತು.

ಆ ಸ್ಥಳವನ್ನು ತುಂಬಿದವರಲ್ಲಿ ವಾಲ್ಟ್ ಡಿಸ್ನಿಯ ಸಂಗಡಿಗರಿಗೆ ಮೊದಲ ಸ್ಥಾನ ಸಲ್ಲಬೇಕು. ೧೯೫೧ರಲ್ಲಿ ತಿವೋಲಿಯನ್ನು ಕಂಡು ಮೆಚ್ಚಿದ್ದ ಡಿಸ್ನಿ ೧೯೫೫ರ ಜುಲೈ ೧೭ರಂದು ಕ್ಯಾಲಿಫೋರ್ನಿಯದ ಅನಹೈಮ್‌ನಲ್ಲಿ ತನ್ನ ಡಿಸ್ನಿಲ್ಯಾಂಡನ್ನು ತೆರೆದನು. ಅವನ ಸಂಗಡಿಗರು ಚಲನಚಿತ್ರದವರು. ಚಿತ್ರದ ಚಲನೆಗೆ ಸಂಗೀತವನ್ನು ಚೌಕಟ್ಟು ಚೌಕಟ್ಟಾಗಿ ಹೊಂದಿಸಿ ಪಳಗಿದವರು. ೧೯೬೩ರಲ್ಲಿ ಅಲ್ಲಿ ‘ಟಿಕಿ ರೂಮ್’ ಎಂಬ ಸಭಾಂಗಣ ಸಿದ್ಧವಾಯಿತು. ಅದರಲ್ಲಿ ಹಾಡಿದ ಯಂತ್ರದ ಹಕ್ಕಿಗಳನ್ನು ಆಡಿಸಿದುದು ಕಾಂತೀಯ ಪಟ್ಟಿ. ಪಟ್ಟಿಯ ಮೇಲೆ ಹಾಡಿನ ಜೊತೆಗೆ ಬೇರೆ ಸಂಕೇತಧ್ವನಿಗಳೂ ಮುದ್ರಿತವಾಗಿದ್ದವು. ಆ ಸಂಕೇತಗಳು ಗಾಳಿಯ ಕವಾಟಗಳನ್ನು ತೆರೆದಂತೆ ಕೊಕ್ಕು ಬಾಯಿಬಿಡುವುದು, ರೆಕ್ಕೆ ಅಲುಗುವುದು. ಇದನ್ನು ಜಗತ್ತು ಹೊಸ ಸೋಜಿಗವೆಂದು ನೋಡಿತು. ಆದರೆ ಹಾಡನ್ನೂ ಗೊಂಬೆಯ ಕೈಯನ್ನೂ ಒಂದೇ ಕಡತದಿಂದ, ಗಾಳಿಯ ಬಲದಿಂದ ಆಡಿಸುವ ವಿದ್ಯೆ ಗಾವಿಯೋಲಿಯ ಆರ್ಗನ್ನಿನಲ್ಲಿ ಆಗಲೇ ಇದ್ದಿತಷ್ಟೆ. ರಟ್ಟಿನ ತೂತಿದ್ದ ಜಾಗಕ್ಕೆ ಪಟ್ಟಿಯ ಸಂಕೇತ ಬಂದಿತು, ಅಷ್ಟೇ ಭೇದ.

೧೯೬೪ರ ಏಪ್ರಿಲ್ ೨೨ರಂದು ನ್ಯೂಯಾರ್ಕಿನಲ್ಲಿ ವಿಶ್ವಪ್ರದರ್ಶನ ಆರಂಭವಾಯಿತು. ಪೆಪ್ಸಿ ಕೋಲಾ ಕಂಪೆನಿಯ ಪರವಾಗಿ, ಸಂಯುಕ್ತ ರಾಷ್ಟ್ರಗಳ ಮಕ್ಕಳ ನಿಧಿಯ ಗೌರವಾರ್ಥವಾಗಿ, ಡಿಸ್ನಿಯವರು ಅಲ್ಲಿ ಒಂದು ದೋಣಿಯಾನವನ್ನು ರಚಿಸಿದರು. ನಾನಾ ದೇಶಗಳ ಮಕ್ಕಳ ಗೊಂಬೆಗಳು ಎರಡೂ ದಡದಲ್ಲಿ ಹಾಡುತ್ತಿರಬೇಕು, ದೋಣಿ ಅವುಗಳ ನಡುವೆ ಮೆಲ್ಲನೆ ಸಾಗಬೇಕು. ಪ್ರತಿಯೊಂದು ದೇಶದ ಮಕ್ಕಳೂ ತಮ್ಮ ತಮ್ಮ ರಾಷ್ಟ್ರಗೀತೆಯನ್ನು ಹಾಡಲೆಂಬುದು ಮೊದಲಿನ ಯೋಜನೆ. ಕಾಗದದ ಮೇಲೆ ಇದಕ್ಕಿಂತ ಉಚಿತವಾದುದು ಯಾವುದಿದ್ದೀತು? ಆದರೆ ಪರೀಕ್ಷಿಸಿ ನೋಡಿದಾಗ ಎಲ್ಲ ರಾಷ್ಟ್ರಗೀತೆಗಳೂ ಒಂದರ ಮೇಲೊಂದು ಬಿದ್ದು ಅಸಹ್ಯವಾದ ಗದ್ದಲವೆದ್ದಿತು. ನಾಟಕಶಾಲೆಯಲ್ಲಿ ಪ್ರೇಕ್ಷಕನು ಕುಳಿತಿರುತ್ತಾನೆ, ಹಾಡುಗಳು ಒಂದಾದ ಮೇಲೊಂದು ಬರುತ್ತವೆ. ಇಲ್ಲಿ ಹಾಡುಗಳು ಕುಳಿತಿವೆ, ಪ್ರೇಕ್ಷಕನು ಅವುಗಳ ಮುಂದೆ ಸಾಗುತ್ತಾನೆ. ಮುಂದಿನ ಕೋಣೆಯ ಹಾಡು ಕೇಳಿಸತೊಡಗಿದಾಗ ಹಿಂದಿನದು ಇನ್ನೂ ಕಿವಿಯನ್ನು ಬಿಟ್ಟಿರುವುದಿಲ್ಲ. ಸಂಗೀತದ ಇತಿಹಾಸದಲ್ಲಿ ಇದು ಹೊಸದೊಂದು ಸಮಸ್ಯೆ.

ಇದನ್ನು ಬಿಡಿಸುವ ಭಾರ ರಿಚರ್ಡ್ ಮತ್ತು ರಾಬರ್ಟ್ ಶರ್ಮನ್ ಸಹೋದರರ ಮೇಲೆ ಬಿತ್ತು. ಅವರು ಒಂದೇ ಹಾಡನ್ನು ಕಟ್ಟಿದರು. ಅದರ ಪಲ್ಲವಿಯನ್ನೂ ಚರಣವನ್ನೂ ಇಬ್ಬರು ಏಕಕಾಲಕ್ಕೆ ಹಾಡಿದರೂ ಸ್ವರಗಳು ಒಂದನ್ನೊಂದು ಇರಿಯದೆ ಹೊಂದಿಕೊಳ್ಳುವಂತೆ ರಚನೆಯಿದೆ. ಭಾಷಾಂತರಕ್ಕೆ ಸುಲಭವಾಗಲೆಂದು ಮಾತುಗಳನ್ನು ಸರಳವಾಗಿಟ್ಟರು. ಮೊದಲು ಅದು ನಿಧಾನಗತಿಯ ಗಂಭೀರ ಗೀತೆಯಾಗಿದ್ದಿತು. ಕ್ಯೂಬದ ಕ್ಷಿಪಣಿ ಪ್ರಕರಣ ನಡೆದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಣುಯುದ್ಧದ ಭೀತಿ ಅದರ ಹಿನ್ನೆಲೆಯಲ್ಲಿದ್ದಿತು. ಡಿಸ್ನಿ ಅದನ್ನು ಚುರುಕುಗೊಳಿಸಲು ಹೇಳಿದ ಮೇಲೆ ಇಂದಿನ ರೂಪ ಬಂದಿತು. ಒಂದು ಕೋಣೆಯಲ್ಲಿ ಇಟಾಲಿಯನ್, ಇನ್ನೊಂದರಲ್ಲಿ ಜಪಾನಿ, ಮತ್ತೊಂದರಲ್ಲಿ ಸ್ವೀಡಿಷ್ ಮಾತು. ರಾಗ ಮಾತ್ರ ಒಂದೇ. ಆದುದರಿಂದ ಗಡಿಗಳಲ್ಲಿ ಎರಡು ಭಾಷೆಗಳು ಕಲೆತರೂ ಕಿವಿಗೆ ನೋವಿಲ್ಲ. ೧೯೬೬ರಲ್ಲಿ ಇಡೀ ದೋಣಿಯಾನ ಡಿಸ್ನಿಲ್ಯಾಂಡಿಗೆ ಸ್ಥಳಾಂತರವಾಯಿತು. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ಆ ಹಾಡಿನ ೧೯೬೪ರ ಧ್ವನಿಮುದ್ರಣವನ್ನು ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ೨೦೨೨ರಲ್ಲಿ ಸಂರಕ್ಷಣೀಯ ಮುದ್ರಣಗಳ ಪಟ್ಟಿಗೆ ಸೇರಿಸಿತು. ಒಮ್ಮೆ ಹೊಕ್ಕರೆ ತಲೆಯಿಂದ ಹೊರಡದ ಹಾಡೆಂದು ಅದನ್ನು ಹಳಿಯುವವರು ಬಹಳ ಮಂದಿ ಇದ್ದಾರೆ. ಅವರ ದೂರು ಸುಳ್ಳಲ್ಲ. ಆದರೆ ಅದು ಮುಗಿಯದ ಹಾಡಾದುದು ಕವಿಯ ಮೊಂಡುತನದಿಂದಲ್ಲ, ದೋಣಿಯ ನಿರ್ಬಂಧದಿಂದ. ಯಾವ ದೋಣಿ ಯಾವ ಕ್ಷಣಕ್ಕೆ ಬರುವುದೋ ತಿಳಿಯದಿರುವಾಗ ಹಾಡಿಗೆ ಆದಿಯನ್ನಾಗಲಿ ಅಂತ್ಯವನ್ನಾಗಲಿ ಎಲ್ಲಿಡುವುದು? ಜೊತೆಗೆ ಇದನ್ನೂ ಹೇಳಬೇಕು: ರಾಷ್ಟ್ರಗೀತೆಗಳು ಒಂದೇ ಸೂರಿನ ಕೆಳಗೆ ಹೊಂದಿಕೊಳ್ಳಲಿಲ್ಲ, ಹೊಂದಿಕೆ ಬಂದುದು ಅವುಗಳನ್ನೆಲ್ಲ ಕೈಬಿಟ್ಟು ಅಮೆರಿಕೆಯ ಒಂದು ರಾಗವನ್ನು ಎಲ್ಲರ ಬಾಯಲ್ಲಿ ಇಟ್ಟ ಮೇಲೆ. ಇದು ಸೌಹಾರ್ದದ ಸಂಕೇತವೋ ಅಥವಾ ಬೇರೆ ಯಾವುದರ ಸಂಕೇತವೋ ಎಂಬುದರಲ್ಲಿ ಅಭಿಪ್ರಾಯಭೇದಕ್ಕೆ ಅವಕಾಶವಿದೆ.

ಅದೇ ಪ್ರದರ್ಶನಕ್ಕೆ ಜನರಲ್ ಎಲೆಕ್ಟ್ರಿಕ್ ಕಂಪೆನಿಗಾಗಿ ಅದೇ ಸಹೋದರರು ಇನ್ನೊಂದು ಹಾಡನ್ನು ರಚಿಸಿದ್ದರು. ನಡುವೆ ಸ್ಥಿರವಾದ ರಂಗಸ್ಥಳಗಳು. ಪ್ರೇಕ್ಷಕರು ಕುಳಿತ ಮಂಟಪವೇ ಅವುಗಳ ಸುತ್ತ ತಿರುಗುವುದು. ಒಂದೊಂದು ರಂಗದಲ್ಲಿ ಒಂದೊಂದು ಕಾಲದ ಸಂಸಾರ. ವಿದ್ಯುತ್ತಿನಿಂದ ಬದುಕು ಸುಧಾರಿಸಿದ ಕಥೆ. ನಾಳೆಯ ದಿನ ಇನ್ನೂ ಸುಂದರವಾಗಿದೆ ಎಂಬ ಅರ್ಥದ ಹಾಡು ಆಯಾ ಕಾಲದ ವಾದ್ಯಶೈಲಿಯನ್ನು ತೊಟ್ಟು ಮತ್ತೆ ಮತ್ತೆ ಬರುತ್ತಿತ್ತು. ೧೯೭೫ರಲ್ಲಿ ಇದು ಫ್ಲಾರಿಡದ ಉದ್ಯಾನಕ್ಕೆ ಹೋದಾಗ ಹಾಡು ಬದಲಾಗಿ, ಈಗಿನ ಕಾಲವೇ ಉತ್ತಮ ಕಾಲವೆಂಬ ಅರ್ಥದ ಬೇರೊಂದು ಹಾಡು ಬಂದಿತು. ಜನರು ನಾಳೆಗಾಗಿ ಕಾಯದೆ ಇಂದೇ ಸರಕನ್ನು ಕೊಳ್ಳಲೆಂದು ಕಂಪೆನಿಯವರು ಬಯಸಿದುದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಕಂಪೆನಿಯ ಸಂಬಂಧ ಕಡಿದ ತರುವಾಯ, ೧೯೯೦ರ ದಶಕದಲ್ಲಿ, ಹಳೆಯ ಹಾಡೇ ಹಿಂದಿರುಗಿತು. ಖರ್ಚು ಕೊಡುವವನು ಹಾಡಿನ ಕಾಲವಾಚಕವನ್ನೂ ತಿದ್ದಬಲ್ಲನೆಂಬುದು ವ್ಯಾಕರಣಕಾರರು ಗಮನಿಸಬೇಕಾದ ಸಂಗತಿ!

೧೯೬೯ರಲ್ಲಿ ತೆರೆದ ‘ಭೂತಬಂಗಲೆ’ಗೆ ಬಡಿ ಬೇಕರ್ ಸಂಗೀತವನ್ನು ಒದಗಿಸಿದನು; ಸಾಹಿತ್ಯ ಎಕ್ಸೇವಿಯರ್ ಅಟೆನ್ಸಿಯೋನದು. ಸಾಲುಬಂಡಿಗಳು ನಿಲ್ಲದೆ ಸಾಗುವ ಈ ಸವಾರಿಯಲ್ಲಿ ಒಂದೇ ರಾಗವು ಹಜಾರದಲ್ಲಿ ಶೋಕಗೀತೆಯಾಗಿ, ಔತಣದ ಮನೆಯಲ್ಲಿ ಭೂತಗಳ ವಾಲ್ಟ್ಸ್ ಕುಣಿತವಾಗಿ, ಸ್ಮಶಾನದಲ್ಲಿ ಕೇಕೆಯ ಹಾಡಾಗಿ ವೇಷ ಬದಲಿಸುತ್ತದೆ. ದೋಣಿಯಾನದಲ್ಲಿ ಒಂದೇ ರಾಗ ಒಂದೇ ಭಾವದಲ್ಲಿ ನಿಂತಿದ್ದಿತು. ಇಲ್ಲಿ ಅದು ಕಥೆಯನ್ನು ನಡೆಸುತ್ತದೆ. ಈ ಜಾತಿಯ ರಚನೆಗಳಲ್ಲಿ ಇದಕ್ಕೆ ಅಗ್ರಸ್ಥಾನವನ್ನು ಕೊಟ್ಟರೆ ತಪ್ಪಾಗದು.

ಇಷ್ಟಾದರೂ ಸಂಗೀತವಿನ್ನೂ ಗೋಡೆಯಲ್ಲಿದ್ದಿತು. ಅದು ಬಂಡಿಯನ್ನೇ ಹತ್ತಿದುದು ಪ್ಯಾರಿಸ್ಸಿನ ಬಳಿಯ ಡಿಸ್ನಿ ಉದ್ಯಾನದಲ್ಲಿ, ೧೯೯೫ರ ಜೂನ್ ೧ರಂದು. ಜೂಲ್ಸ್ ವರ್ನನ ಚಂದ್ರಯಾನದ ಕಾದಂಬರಿಯನ್ನು ಆಧರಿಸಿ ಅಲ್ಲಿ ‘ಸ್ಪೇಸ್ ಮೌಂಟನ್’ ಎಂಬ ರೋಲರ್ ಕೋಸ್ಟರನ್ನು ನಿರ್ಮಿಸಿ, ಪ್ರತಿಯೊಂದು ಆಸನದಲ್ಲಿಯೂ ಧ್ವನಿವರ್ಧಕವನ್ನಿರಿಸಿ, ಸ್ಟೀವ್ ಬ್ರಾಮ್ಸನ್ ರಚಿಸಿದ ಸಂಗೀತವನ್ನು ಚಲನೆಗೆ ಹೊಂದಿಸಿ ಕೇಳಿಸಿದರು. ಈ ಬಗೆಯ ಹೊಂದಿಕೆಯುಳ್ಳ ರೋಲರ್ ಕೋಸ್ಟರುಗಳಲ್ಲಿ ಇದೇ ಮೊದಲ್ಗೆಂದು ಪ್ರಸಿದ್ಧಿಯಿದೆ. ಕೆಲಸ ಕೇಳಲು ಸುಲಭ, ಮಾಡಲು ಕಷ್ಟ. ಚಲನಚಿತ್ರ ಪ್ರತಿಸಲವೂ ಅದೇ ವೇಗದಲ್ಲಿ ಓಡುತ್ತದೆ. ಇಂತಹ ಬಂಡಿ ಹಾಗಲ್ಲ. ಒಮ್ಮೆ ಎತ್ತರದಿಂದ ಬಿಟ್ಟ ಮೇಲೆ ಅದನ್ನು ನಡೆಸುವುದು ತನ್ನ ಭಾರವೇ. ಸವಾರರು ಭಾರವಾಗಿದ್ದರೆ, ಬಿಸಿಲಿಗೆ ಗಾಲಿಗಳು ಕಾದಿದ್ದರೆ ಬೇಗನೆ ಬರುತ್ತದೆ. ಮುಂಜಾವದ ಚಳಿಯಲ್ಲಿ ತಡಮಾಡುತ್ತದೆ. ಹಳಿಯ ಗೊತ್ತಾದ ಸ್ಥಳಗಳಲ್ಲಿ ಬಂಡಿ ಬಂದುದನ್ನು ಗುರುತಿಸಿ ಸಂಗೀತದ ಮುಂದಿನ ಖಂಡವನ್ನು ಆರಂಭಿಸುವುದು, ಖಂಡಗಳ ನಡುವಣ ಬೆಸುಗೆ ಕಾಣದಂತೆ ರಚಿಸುವುದು ಇದಕ್ಕಿರುವ ಉಪಾಯ. ಯಕ್ಷಗಾನದ ಭಾಗವತನು ವೇಷಧಾರಿಯ ಕುಣಿತವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಪದವನ್ನು ಹಿಗ್ಗಿಸುವ, ಕುಗ್ಗಿಸುವ ಕೌಶಲವನ್ನು ಯಂತ್ರವು ಹೀಗೆ ತನ್ನ ಒರಟು ರೀತಿಯಲ್ಲಿ ಕಲಿಯಿತು.

೧೯೯೯ರಲ್ಲಿ ಫ್ಲಾರಿಡದಲ್ಲಿ ಬಂದ ಇನ್ನೊಂದು ಕೋಸ್ಟರು ಸವಾರರನ್ನು ಮೂರು ಸೆಕೆಂಡು ತುಂಬುವುದರೊಳಗೆ ಗಂಟೆಗೆ ಸುಮಾರು ೯೨ ಕಿಲೋಮೀಟರು ವೇಗಕ್ಕೆ ಎಸೆಯುತ್ತ ಏರೋಸ್ಮಿತ್ ಎಂಬ ರಾಕ್ ತಂಡದ ಹಾಡುಗಳನ್ನು ಕಿವಿಯ ಬದಿಯಲ್ಲಿ ಮೊಳಗಿಸಿತು. ಬಂಡಿಯಿಂದ ಬಂಡಿಗೆ ಹಾಡು ಬೇರೆ. ಇದರೊಂದಿಗೆ ಹಳೆಯ ಆರ್ಗನ್ನಿನ ನ್ಯಾಯ ಪೂರ್ತಿಯಾಗಿ ತಿರುವುಮುರುವಾಯಿತು. ಅಂದು ಇಡೀ ಬಯಲಿಗೆ ಒಂದು ಹಾಡು. ಇಂದು ಪಕ್ಕದ ಬಂಡಿಯವನಿಗೆ ಏನು ಕೇಳಿಸಿತೆಂಬುದು ಈ ಬಂಡಿಯವನಿಗೆ ತಿಳಿಯದು. ಹೊರಗೆ ನಿಂತವನಿಗೆ ಕೇಳಿಸುವುದು ಗಾಲಿಯ ಸದ್ದು ಮತ್ತು ಸವಾರರ ಕಿರಿಚಾಟ ಮಾತ್ರ.

ಕರೆಯುವ ಸಂಗೀತ ಇದರಿಂದ ಅಳಿದುಹೋಯಿತೆಂದಲ್ಲ. ಅದು ಬೇರೆಡೆಗೆ ಹೋಯಿತು. ೧೯೮೯ರಲ್ಲಿ ಮುಂಬಯಿಯ ಗೊರಾಯಿಯಲ್ಲಿ ಆರಂಭವಾದ ಎಸ್ಸೆಲ್ ವರ್ಲ್ಡಿನ ಜಾಹೀರಾತು ಹಾಡನ್ನು ಈ ನಗರದ ಕನ್ನಡಿಗರಿಗೆ ನೆನಪಿಸಬೇಕಾದುದಿಲ್ಲ. ಮನೆಗೆ ಹೋಗಲಾರೆನೆಂದು ಹಟ ಹಿಡಿಯುವ ಮಗುವಿನ ಆ ಹಾಡು ಆ ಉದ್ಯಾನದ ಮೆಟ್ಟಿಲನ್ನೂ ತುಳಿಯದ ಮಕ್ಕಳ ಬಾಯಲ್ಲಿ ದೂರದರ್ಶನದ ದಯೆಯಿಂದ ನೆಲೆಸಿತು. ೨೦೨೨ರಲ್ಲಿ ಉದ್ಯಾನ ಮುಚ್ಚಿತು; ಹಾಡು ಇನ್ನೂ ಮುಚ್ಚಿಲ್ಲ.

ಚಲನೆಯೇ ಸಂಗೀತಕ್ಕೆ ತಲೆಬಾಗಿದ ನಿದರ್ಶನ ಬೇಕಾದವರು ನೆದರ್‌ಲೆಂಡಿನ ಎಫ್ಟೆಲಿಂಗ್ ಉದ್ಯಾನವನ್ನು ನೋಡಬೇಕು. ೧೯೫೨ರಲ್ಲಿ ತೆರೆದ ಈ ಉದ್ಯಾನದವರಿಗೆ ಸಂಗೀತದ ವಿಷಯದಲ್ಲಿ ವಿಶೇಷ ಶ್ರದ್ಧೆ; ರೂಡ್ ಬೋಸ್ ಎಂಬ ಸಂಗೀತಕಾರನು ೧೯೮೬ರಿಂದ ಮುಂದೆ ಅಲ್ಲಿನ ಹಲವು ಸವಾರಿಗಳಿಗಾಗಿಯೇ ರಚನೆಗಳನ್ನು ಮಾಡಿದನು. ೧೯೭೮ರಲ್ಲಿ ಅಲ್ಲಿ ಒಂದು ಭೂತದ ಕೋಟೆಯನ್ನು ಕಟ್ಟಿದ್ದರು. ಫ್ರಾನ್ಸಿನ ಸ್ಯಾಂ ಸಾನ್ಸನು ೧೮೭೪ರಲ್ಲಿ ರಚಿಸಿದ ‘ದಾನ್ಸ್ ಮಕಾಬ್ರ್’, ಅಂದರೆ ಸತ್ತವರ ಕುಣಿತ, ಆ ಕೋಟೆಯ ಸಂಗೀತ. ನಡುರಾತ್ರಿಯ ಹನ್ನೆರಡು ಗಂಟೆಯನ್ನು ಹಾರ್ಪ್ ವಾದ್ಯದಿಂದಲೂ ಎಲುಬುಗಳ ತಾಕಲಾಟವನ್ನು ಕಾಷ್ಠತರಂಗದಿಂದಲೂ ಸೂಚಿಸುವ ಈ ಕೃತಿಯಲ್ಲಿ ಪ್ರಧಾನ ಪಿಟೀಲಿನ ಒಂದು ತಂತಿಯನ್ನು ಬೇಕೆಂದೇ ಅರ್ಧಸ್ವರ ಇಳಿಸಿ ನುಡಿಸಬೇಕು. ಕೋಟೆಗೆ ಬಂದವರು ನಿಂತು, ಗಾಜಿನಾಚೆಯ ಗೋರಿಗಳು ಆ ಸಂಗೀತಕ್ಕೆ ಎದ್ದು ಆಡುವುದನ್ನು ನೋಡಿ ಹೋಗುತ್ತಿದ್ದರು. ೪೪ ವರ್ಷ ನಡೆದ ಈ ಆಟವನ್ನು ೨೦೨೨ರಲ್ಲಿ ನಿಲ್ಲಿಸಿ, ಕೋಟೆಯನ್ನು ಕೆಡವಿದಾಗ ಮರುಗಿದವರು ಅನೇಕರು.

ಅದೇ ಸ್ಥಳದಲ್ಲಿ ೨೦೨೪ರ ಅಕ್ಟೋಬರ್ ೩೧ರಂದು ಹೊಸ ಸವಾರಿ ತೆರೆಯಿತು. ಕಟ್ಟಡವನ್ನು ಬಿಟ್ಟುಕೊಟ್ಟವರು ಸಂಗೀತವನ್ನು ಬಿಟ್ಟುಕೊಡಲಿಲ್ಲ. ಸ್ಯಾಂ ಸಾನ್ಸನ ಕೃತಿಯೇ ಅದರ ಹೆಸರೂ ಆಯಿತು. ೧೮ ಮೀಟರು ವ್ಯಾಸದ ವೇದಿಕೆಯ ಮೇಲೆ ಇಗರ್ಜಿಯ ಗಾಯಕರ ಪೀಠಗಳಂತಹ ಆರು ಸಾಲುಗಳಲ್ಲಿ ೧೦೮ ಜನ ಕುಳಿತುಕೊಳ್ಳುತ್ತಾರೆ. ಸಂಗೀತ ಮೊದಲಾದೊಡನೆ ವೇದಿಕೆ ಸುತ್ತುತ್ತದೆ, ವಾಲುತ್ತದೆ, ಪೀಠಗಳು ತಮ್ಮಷ್ಟಕ್ಕೆ ತಾವೂ ತಿರುಗುತ್ತವೆ. ಎಲ್ಲಿ ರಭಸ, ಎಲ್ಲಿ ಬಿಡುವು ಎಂಬುದನ್ನು ನೂರೈವತ್ತು ವರ್ಷಗಳ ಹಿಂದಿನ ಆ ರಚನೆಯೇ ಗೊತ್ತುಮಾಡಿಟ್ಟಿದೆ. ಯಂತ್ರವು ಅದಕ್ಕೆ ಹೆಜ್ಜೆ ಹಾಕುತ್ತದೆ. ಇದೇ ಉದ್ಯಾನದ ಇನ್ನೊಂದು ಕಡೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಿರ್ಮಾಣವಾಗಿ ೧೯೫೬ರಿಂದ ಇಲ್ಲಿ ನೆಲೆಸಿರುವ ಹಬೆಯ ಸುತ್ತುಗುದುರೆಯೊಂದಿದೆ. ಅದರ ಪಕ್ಕದ ಆರ್ಗನ್ನು ಗಾವಿಯೋಲಿಯವರದು. ಅಲ್ಲಿ ಕುದುರೆಗಳು ತಮ್ಮ ಪಾಡಿಗೆ ತಾವು ಸುತ್ತುತ್ತವೆ, ಆರ್ಗನ್ನು ತನ್ನ ಪಾಡಿಗೆ ತಾನು ಹಾಡುತ್ತದೆ.